ಮಾವನವರ ಡ್ರೈವರ್ ಎಷ್ಟು ದೂರ ಹೋಗುತ್ತದೆ? ಅರಿಜೋನಾ ಗಾಲ್ಫ್ ಪ್ರವಾಸಕ್ಕೆ ಕೋರ್ಸ್ ಆರಿಸಿದ ಒಂದು ಪ್ರಕರಣ

ನಾಲ್ಕು ಜನ, ನಾಲ್ಕು ರೌಂಡು ಗಾಲ್ಫ್. ಜಾಗ ಅಮೆರಿಕದ ಅರಿಜೋನಾದ ಫೀನಿಕ್ಸ್, ಸ್ಕಾಟ್ಸ್‌ಡೇಲ್ ಸುತ್ತಮುತ್ತ. ಕಾಲ ನವೆಂಬರ್ ತಿಂಗಳ ಮಧ್ಯ. ಗ್ರೀನ್ ಫೀಗೆ, ಅಂದರೆ ಆಡುವ ಶುಲ್ಕಕ್ಕೆ ಅಂತ ತಲೆಗೆ ಹೆಚ್ಚೆಂದರೆ 900 ಡಾಲರ್. ನಾವ್ಯಾರೂ ಅಲ್ಲಿಯ ನಿವಾಸಿಗಳಲ್ಲ, ಯಾವ ಕ್ಲಬ್ಬಿನ ಮೆಂಬರ್‌ಗಳೂ ಅಲ್ಲ. ಹಾಗಾಗಿ ದುಡ್ಡು ಕೊಟ್ಟರೆ ಯಾರನ್ನು ಬೇಕಾದರೂ ಬಿಡುವ ಪಬ್ಲಿಕ್ ಕೋರ್ಸುಗಳೇ ಗತಿ. ಅಲ್ಲಿ ಅಂಥವಕ್ಕೆ ಬರವಿಲ್ಲ, ಆರಿಸುವುದೇ ತಲೆನೋವು.

ಆಡುವವರನ್ನು ಮೊದಲು ಹೇಳಿಬಿಡುತ್ತೇನೆ. ಇಡೀ ಕಥೆ ನಿಂತಿರುವುದು ಅವರ ಮೇಲೆಯೇ. ನನ್ನ ಗೆಳೆಯನ ಹ್ಯಾಂಡಿಕ್ಯಾಪ್ 5 (ಈ ಅಂಕಿ ಕಮ್ಮಿಯಿದ್ದಷ್ಟೂ ಆಟ ಚೆನ್ನ). ಚೆಂಡನ್ನು 270 ಗಜ ಹೊಡೆಯುತ್ತಾನೆ, ಅದೂ ನೇರಕ್ಕೆ. ನನ್ನದು 14, ಹೇಳಿಕೊಳ್ಳುವಂಥದ್ದೇನಿಲ್ಲ. ಭಾವನದು 20ರ ಆಸುಪಾಸು. ಶಕ್ತಿ ಬೇಕಾದಷ್ಟಿದೆ, ಆದರೆ ಹೊಡೆದ ಚೆಂಡು ಹತ್ತರಲ್ಲಿ ಆರು ಸಲ ಬಲಕ್ಕೆ ತಿರುಗಿಕೊಂಡು ಹೋಗುತ್ತದೆ. ನಾಲ್ಕನೆಯವರು ಮಾವನವರು. ವಯಸ್ಸು ಅರವತ್ತೈದು ದಾಟಿದೆ, ಮಂಡಿ ನೋವಿದೆ, ಹ್ಯಾಂಡಿಕ್ಯಾಪ್ 30. ಅವರ ಡ್ರೈವರ್, ಅಂದರೆ ದೂರ ಹೊಡೆಯುವ ಉದ್ದ ಕೋಲಿನಿಂದ ಹೊಡೆದ ಚೆಂಡು, ಒಳ್ಳೆಯ ದಿನ 160 ಗಜ ಹೋಗುತ್ತದೆ. ಅದರಲ್ಲಿ ಗಾಳಿಯಲ್ಲಿ ಹಾರುವುದು 140, ಮಿಕ್ಕಿದ್ದು ಉರುಳುವುದು.

ಗೆಳೆಯ ಕಳಿಸಿದ ಮೊದಲ ಪಟ್ಟಿಯಲ್ಲಿ ಇದ್ದವು ಟಿಪಿಸಿ ಸ್ಕಾಟ್ಸ್‌ಡೇಲ್‌ನ ಸ್ಟೇಡಿಯಂ ಕೋರ್ಸ್, ಟ್ರೂನ್ ನಾರ್ತ್‌ನ ಮಾನ್ಯುಮೆಂಟ್, ವಿಕೋಪಾದ ಚೋಯಾ, ಮತ್ತು ಕ್ವಿಂಟೆರೊ. ಯಾವ ರ‍್ಯಾಂಕಿಂಗ್ ತೆಗೆದು ನೋಡಿದರೂ ಮೇಲ್ಗಡೆ ಸಿಗುವ ಹೆಸರುಗಳೇ. ಪಟ್ಟಿಯಲ್ಲಿ ತಪ್ಪೇನಿಲ್ಲ. ಅದು 5 ಹ್ಯಾಂಡಿಕ್ಯಾಪ್‌ನವನ ಪಟ್ಟಿ, ಅಷ್ಟೇ. ಮಾವನವರು ಅದನ್ನು ನೋಡಿ, ಫೋಟೋಗಳನ್ನೆಲ್ಲ ತಿರುವಿಹಾಕಿ, ಒಂದೇ ಮಾತು ಹೇಳಿದರು: "ಅಳಿಯಂದ್ರೇ, ಇದರಲ್ಲಿ ಹುಲ್ಲೆಲ್ಲಿದೆ?"

ಆ ಪ್ರಶ್ನೆಗೆ ಉತ್ತರ ಹುಡುಕಿದರೆ ಅರ್ಧ ಕೆಲಸ ಮುಗಿದಂತೆ.

ಹುಲ್ಲು ಯಾಕೆ ಕಮ್ಮಿ

ಮರುಭೂಮಿಯ ಕೋರ್ಸುಗಳಲ್ಲಿ ಹುಲ್ಲು ದ್ವೀಪಗಳ ಹಾಗೆ ಅಲ್ಲಲ್ಲಿ ಇರುವುದು ಬರೀ ಅಂದಕ್ಕಲ್ಲ. ಅರಿಜೋನಾ 1980ರಲ್ಲಿ ಅಂತರ್ಜಲ ಕಾನೂನು ತಂದಿತು. ಅದರಡಿ ಬಂದ ನಿಯಮಗಳಿಂದಾಗಿ ಫೀನಿಕ್ಸ್ ಸುತ್ತಲಿನಂಥ ನಿಯಂತ್ರಿತ ಪ್ರದೇಶಗಳಲ್ಲಿ ಹೊಸ 18 ಹೋಲ್ ಕೋರ್ಸಿಗೆ ನೀರು ಹಾಯಿಸಿ ಬೆಳೆಸುವ ಹುಲ್ಲು ಸುಮಾರು 90 ಎಕರೆಗೆ ಸೀಮಿತವಾಯಿತು.

ಲೆಕ್ಕ ಹಾಕಿ ನೋಡಿ. 90 ಎಕರೆಯನ್ನು 18 ಹೋಲ್‌ಗೆ ಹಂಚಿದರೆ ಹೋಲ್‌ಗೆ 5 ಎಕರೆ, ಅಂದರೆ ಸುಮಾರು 24,200 ಚದರ ಗಜ. 400 ಗಜದ ಒಂದು ಪಾರ್ 4 (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ) ಹೋಲ್‌ಗೆ ಟೀಯಿಂದ (ಮೊದಲ ಹೊಡೆತದ ಜಾಗ) ಗ್ರೀನ್‌ವರೆಗೂ (ಕುಳಿಯಿರುವ ನುಣುಪು ಹುಲ್ಲು) ಹುಲ್ಲು ಹಾಸಿದರೆ ಅಗಲ 60 ಗಜ ಸಿಗುತ್ತದೆ. ಅದರಲ್ಲೇ ಟೀ ಬಾಕ್ಸು, ಗ್ರೀನು, ಅಕ್ಕಪಕ್ಕದ ಉದ್ದ ಹುಲ್ಲಿನ ರಫ್ ಎಲ್ಲ ಬರಬೇಕು. ಪ್ರಾಕ್ಟೀಸ್ ರೇಂಜಿಗೆ ಬೇರೆ ಹುಲ್ಲು ಬೇಕು. ಡಿಸೈನರ್ ಏನು ಮಾಡುತ್ತಾನೆ? ಟೀ ಬಾಕ್ಸಿನ ಮುಂದಿನ 120, 150 ಗಜಕ್ಕೆ ಹುಲ್ಲೇ ಹಾಕುವುದಿಲ್ಲ. ಹೇಗೂ ಅಲ್ಲಿ ಯಾರ ಚೆಂಡೂ ಬೀಳುವುದಿಲ್ಲ ಅಂತ ಲೆಕ್ಕ. ಉಳಿಸಿದ ಹುಲ್ಲನ್ನು ಚೆಂಡು ಬೀಳುವ ಕಡೆ ಹಾಕಿ ಫೇರ್‌ವೇ (ಟೀಗೂ ಗ್ರೀನಿಗೂ ನಡುವಿನ ಆಡುವ ಹಾದಿ) ಅಗಲ ಮಾಡುತ್ತಾನೆ.

ಆ "ಯಾರ ಚೆಂಡೂ ಬೀಳದ" ಜಾಗದಲ್ಲೇ ನಮ್ಮ ಮಾವನವರ ಚೆಂಡು ಬೀಳುವುದು.

ಹಾಗಾಗಿ ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಟ್ಟೆ. ನಾಲ್ವರಲ್ಲಿ ಅತಿ ಕಮ್ಮಿ ದೂರ ಹೊಡೆಯುವವರು ಟೀಯಿಂದ ಹುಲ್ಲು ಮುಟ್ಟುತ್ತಾರಾ, ಅತಿ ಅಡ್ಡಾದಿಡ್ಡಿ ಹೊಡೆಯುವವನಿಗೆ ಹುಲ್ಲಿನ ಮೇಲೆ ಉಳಿಯುವಷ್ಟು ಜಾಗ ಇದೆಯಾ, ಇವೆರಡೇ ಮೊದಲ ಜರಡಿ. ಚೆನ್ನಾಗಿ ಆಡುವವನ ಚಿಂತೆ ಬೇಡ. ಒಂದೊಂದು ಹೋಲ್‌ಗೂ ಹಿಂದೆ ಮುಂದೆ ಹಲವು ಟೀ ಇರುತ್ತವೆ, ಅವನು ಹಿಂದಿನದಕ್ಕೆ ಹೋಗಿ ಆಟ ಕಷ್ಟ ಮಾಡಿಕೊಳ್ಳಬಹುದು. 140 ಗಜ ಹಾರಿಸುವವರಿಗೆ ಆಟ ಸುಲಭ ಮಾಡಿಕೊಳ್ಳಲು ಮುಂದಿನ ಟೀ ಬಿಟ್ಟರೆ ಬೇರೆ ದಾರಿಯಿಲ್ಲ.

ಮುಂದಿನ ಟೀ ಕೂಡ ಎಲ್ಲ ಕಡೆ ಸಾಲುವುದಿಲ್ಲ ಅನ್ನುವುದು ಇನ್ನೊಂದು ವಿಷಯ. ಅಮೆರಿಕದ ಗಾಲ್ಫ್ ಸಂಸ್ಥೆಗಳು 2011ರಲ್ಲಿ ಶುರುಮಾಡಿದ "ಟೀ ಇಟ್ ಫಾರ್ವರ್ಡ್" ಸಲಹೆಯ ಪ್ರಕಾರ ಡ್ರೈವರ್ 175 ಗಜ ಹೊಡೆಯುವವರು ಆಡಬೇಕಾದ ಕೋರ್ಸಿನ ಒಟ್ಟು ಉದ್ದ 4,400ರಿಂದ 4,600 ಗಜ. ಮಾವನವರ ದೂರಕ್ಕೆ ಅದು 4,000ಕ್ಕೆ ಇಳಿಯುತ್ತದೆ. ಅಷ್ಟು ಮುಂದೆ ಟೀ ಇಟ್ಟಿರುವ ಕೋರ್ಸುಗಳು ಕಮ್ಮಿ.

ನಕ್ಷೆಯ ಮೇಲೆ ಅಳೆದದ್ದು

ಸ್ಲೋಪ್ ರೇಟಿಂಗ್ ನೋಡಿದರೆ ಸಾಲದಾ ಅಂತ ಭಾವ ಕೇಳಿದ. ಸಾಲದು. ಸ್ಲೋಪ್ 55ರಿಂದ 155ರವರೆಗಿನ ಒಂದು ಅಂಕಿ, 113 ಅಂದರೆ ಮಧ್ಯಮ. ಒಳ್ಳೆಯ ಆಟಗಾರನಿಗೂ ಸಾಮಾನ್ಯ ಆಟಗಾರನಿಗೂ ಈ ಕೋರ್ಸಿನಲ್ಲಿ ಎಷ್ಟು ಅಂತರ ಬೀಳುತ್ತದೆ ಅಂತ ಅದು ಹೇಳುತ್ತದೆ. ಆ ಅಂತರ ನೀರಿನಿಂದ ಬಂತಾ, ಬಂಕರಿನಿಂದ (ಮರಳುಗುಂಡಿ) ಬಂತಾ, ಟೀ ಮುಂದಿನ ಮುಳ್ಳುಕಾಡಿನಿಂದ ಬಂತಾ ಅಂತ ಹೇಳುವುದಿಲ್ಲ.

ಅದಕ್ಕೇ ಸ್ಯಾಟಲೈಟ್ ನಕ್ಷೆ ತೆಗೆದೆ. ಅಳತೆ ಸಾಧನ ಹಿಡಿದು ಒಂದೊಂದು ಟೀಯಿಂದ ಹುಲ್ಲು ಶುರುವಾಗುವ ಅಂಚಿನವರೆಗೆ ಗೆರೆ ಎಳೆಯುವುದು. ಬೇಜಾರಿನ ಕೆಲಸ, ಆದರೆ ಸಂಜೆ ಕೂತರೆ ಮುಗಿಯುತ್ತದೆ. ಕೊನೆಗೆ ಬಿಟ್ಟುಬಿಟ್ಟ ಒಂದು ಕೋರ್ಸಿನ ಪಾರ್ 4 ಹೀಗಿತ್ತು: ಹಿಂದಿನ ಟೀಯಿಂದ ಹುಲ್ಲಿಗೆ 205 ಗಜ, ನಾನು ಆಡುವ ನಡುವಿನ ಟೀಯಿಂದ 160, ಎಲ್ಲಕ್ಕಿಂತ ಮುಂದಿನದರಿಂದ 125. ನಡುವೆ ಒಣಗಿದ ಹಳ್ಳ. ಮಾವನವರ 140 ಗಜ ಚೆನ್ನಾಗಿ ಹೊಡೆದಾಗಿನ ಮಾತು. ಸ್ವಲ್ಪ ತಪ್ಪಿದರೂ ಚೆಂಡು ಹಳ್ಳಕ್ಕೆ. ಅಂಥ ಹೋಲ್ ಒಂದಿದ್ದರೆ ನಡೆಯುತ್ತದೆ, ಏಳೆಂಟು ಇದ್ದರೆ ಮಧ್ಯಾಹ್ನದ ಹೊತ್ತಿಗೆ ಯಾರಿಗೂ ಮಾತು ಬೇಡವಾಗುತ್ತದೆ.

ಇದರ ಜೊತೆಗೆ ನೋಡಲೇಬೇಕಾದದ್ದು ಮರುಭೂಮಿಗೆ ಬಿದ್ದ ಚೆಂಡಿಗೆ ಆ ಕೋರ್ಸಿನ ನಿಯಮ ಏನು ಅನ್ನುವುದು. 2019ರಲ್ಲಿ ಗಾಲ್ಫ್ ನಿಯಮಗಳು ಬದಲಾದ ಮೇಲೆ ನೀರಿಲ್ಲದ ಮರುಭೂಮಿಯನ್ನೂ ಕೆಂಪು ಗೂಟದ ಪೆನಾಲ್ಟಿ ಏರಿಯಾ ಅಂತ ಗುರುತು ಮಾಡಬಹುದು. ಹಾಗೆ ಮಾಡಿದ್ದರೆ ಚೆಂಡು ಹೊಕ್ಕ ಅಂಚಿನಿಂದ ಎರಡು ಕ್ಲಬ್ (ಗಾಲ್ಫ್ ಕೋಲು) ಉದ್ದದೊಳಗೆ ಚೆಂಡನ್ನು ಕೈಯಿಂದ ಡ್ರಾಪ್ ಮಾಡಿ, ಒಂದು ಸ್ಟ್ರೋಕ್ (ಹೊಡೆತ) ದಂಡ ತೆತ್ತು ಮುಂದೆ ಹೋಗಬಹುದು. ಹಾಗೆ ಗುರುತು ಮಾಡದಿದ್ದರೆ ಕಳೆದುಹೋದ ಚೆಂಡು ಕಳೆದುಹೋದ ಚೆಂಡೇ. ಸಾಮಾನ್ಯವಾಗಿ ಹಿಂದೆ ಹೋಗಿ ಮತ್ತೆ ಹೊಡೆಯಬೇಕು. ವೃತ್ತಿಪರ ಆಟಗಾರರಿಗೆ ಇದು ಸಣ್ಣ ವಿಷಯ ಇರಬಹುದು, ನಮ್ಮಂಥವರಿಗೆ ರೌಂಡು ನಾಲ್ಕೂವರೆ ಗಂಟೆಯಲ್ಲಿ ಮುಗಿಯುತ್ತಾ ಐದೂವರೆ ಹಿಡಿಯುತ್ತಾ ಅನ್ನುವುದು ಇದರ ಮೇಲೇ. ಕೋರ್ಸಿನ ಪ್ರೋ ಶಾಪಿಗೆ (ಬುಕಿಂಗ್ ನೋಡಿಕೊಳ್ಳುವ ಅಂಗಡಿ) ಫೋನ್ ಮಾಡಿ ಕೇಳಿದರೆ ಎರಡು ನಿಮಿಷದಲ್ಲಿ ಹೇಳುತ್ತಾರೆ.

ನವೆಂಬರ್ ಯಾಕೆ

ಜನವರಿಯಿಂದ ಏಪ್ರಿಲ್ ಮಧ್ಯದವರೆಗೆ ಅಲ್ಲಿ ಸೀಸನ್. ಫೆಬ್ರವರಿ, ಮಾರ್ಚ್‌ನಲ್ಲಿ ಬೇಸ್‌ಬಾಲ್ ತಂಡಗಳ ತರಬೇತಿ ಪಂದ್ಯಗಳೂ ಸೇರಿ ಹೋಟೆಲ್, ಕಾರು, ಟೀ ಟೈಮ್ (ಆಟ ಶುರುಮಾಡಲು ಬುಕ್ ಮಾಡುವ ಸಮಯ) ಎಲ್ಲ ದುಬಾರಿ. ಬೇಸಿಗೆಯಲ್ಲಿ ಗ್ರೀನ್ ಫೀ ಮೂರನೇ ಒಂದಕ್ಕೋ ಕಾಲು ಭಾಗಕ್ಕೋ ಇಳಿಯುತ್ತದೆ ನಿಜ, ಆದರೆ 2023ರಲ್ಲಿ ಫೀನಿಕ್ಸ್‌ನಲ್ಲಿ ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಂಥ ಬಿಸಿಲಿಗೆ ಅರವತ್ತೈದು ದಾಟಿದವರನ್ನು ಕರೆದುಕೊಂಡು ಹೋಗುವ ಮಾತೇ ಇಲ್ಲ.

ಅಕ್ಟೋಬರ್ ಹೇಗೆ? ಹವಾಮಾನ ಹಿತವಾಗಿರುತ್ತದೆ, ಆದರೆ ಅದೇ ಬಿತ್ತನೆಯ ಕಾಲ. ಬಿಸಿಲಲ್ಲಿ ಬೆಳೆಯುವ ಬರ್ಮುಡಾ ಹುಲ್ಲು ಚಳಿಗೆ ಕಂದಾಗಿ ನಿದ್ದೆಹೋಗುತ್ತದೆ. ಪ್ರವಾಸಿಗರಿಗೆ ಹಸಿರು ಬೇಕಲ್ಲ, ಅದಕ್ಕೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಹೊತ್ತಿಗೆ ಬರ್ಮುಡಾವನ್ನು ಗಿಡ್ಡಕ್ಕೆ ಕತ್ತರಿಸಿ ಮೇಲೆ ರೈ ಹುಲ್ಲಿನ ಬೀಜ ಹಾಕುತ್ತಾರೆ. ಎರಡರಿಂದ ನಾಲ್ಕು ವಾರ ಕೋರ್ಸ್ ಬಂದ್. ತೆರೆದ ಮೇಲೂ ಕೆಲವು ವಾರ ಕಾರ್ಟನ್ನು ಹುಲ್ಲಿನ ಮೇಲೆ ಬಿಡುವುದಿಲ್ಲ, ಸಿಮೆಂಟ್ ದಾರಿಯ ಮೇಲೇ ಓಡಿಸಬೇಕು. ಚೆಂಡು ಆ ಕಡೆ ಬಿದ್ದರೆ ಕಾರ್ಟ್ ನಿಲ್ಲಿಸಿ, ಮೂರು ಕ್ಲಬ್ ಹಿಡಿದು, ಫೇರ್‌ವೇ ದಾಟಿ ಹೋಗಿ ಬರಬೇಕು. ಮಂಡಿ ನೋವಿನವರಿಗೆ ಇದಕ್ಕಿಂತ ಕಾರ್ಟ್ ಇಲ್ಲದೆ ನಡೆಯುವುದೇ ವಾಸಿ. ಎರಡು ಕೋರ್ಸಿರುವ ಕ್ಲಬ್ಬುಗಳು ಸಾಮಾನ್ಯವಾಗಿ ಒಂದಾದ ಮೇಲೆ ಒಂದನ್ನು ಮುಚ್ಚುತ್ತವೆ. ಆದ್ದರಿಂದ ಕ್ಲಬ್ ತೆರೆದಿದೆ ಅಂದರೆ ಸಾಲದು, ನೀವು ಬುಕ್ ಮಾಡುತ್ತಿರುವ ಕೋರ್ಸ್ ತೆರೆದು ಎಷ್ಟು ದಿನ ಆಗಿರುತ್ತದೆ ಅಂತ ಕೇಳಿ. ನಾವು ಕೇಳಿದ ಒಂದು ಕಡೆ ಬುಕಿಂಗ್ ಪುಟ ಚಕಾರ ಎತ್ತಿರಲಿಲ್ಲ, ಫೋನ್ ಮಾಡಿದಾಗ "ಆ ವಾರ ಕಾರ್ಟ್ ದಾರಿ ಮೇಲೆ ಮಾತ್ರ" ಅಂದರು. ಆ ಕೋರ್ಸ್ ಅಲ್ಲೇ ಬಿತ್ತು.

ನವೆಂಬರ್ ಮಧ್ಯಕ್ಕೆ ಬಹುತೇಕ ಕಡೆ ರೈ ಹುಲ್ಲು ನೆಲೆ ಹಿಡಿದಿರುತ್ತದೆ, ಸೀಸನ್ ದರ ಇನ್ನೂ ಪೂರ್ತಿ ಏರಿರುವುದಿಲ್ಲ. ಒಂದೇ ತೊಂದರೆ ಹಗಲು. ಸಂಜೆ ಐದೂವರೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಅಗ್ಗ ಅಂತ ಒಂದೂವರೆಯ ಟ್ವಿಲೈಟ್ ಟೀ ಟೈಮ್ ತಗೊಂಡರೆ ಕೊನೆಯ ಹೋಲ್‌ಗಳು ಕತ್ತಲಿಗೆ ಅರ್ಪಣೆ. ಹನ್ನೆರಡರ ಒಳಗೆ ಶುರುಮಾಡಬೇಕು.

ಉಳಿದ ನಾಲ್ಕು

ಸ್ಟೇಡಿಯಂ ಕೋರ್ಸಿನ ಮೇಲೆ ಜಗಳವೇ ಆಯಿತು. 1987ರಿಂದ ವೃತ್ತಿಪರರ ಫೀನಿಕ್ಸ್ ಓಪನ್ ಪಂದ್ಯ ನಡೆಯುವ ಕೋರ್ಸದು, ಟಿವಿಯಲ್ಲಿ ಎಲ್ಲರೂ ನೋಡಿದ್ದೇವೆ. ಕಷ್ಟದ ವಿಷಯಕ್ಕೆ ಬಂದರೆ ಅಷ್ಟೇನೂ ಭಯಂಕರವಲ್ಲ, ಮರುಭೂಮಿಗಿಂತ ಕೊನೆಕೊನೆಯ ಹೋಲ್‌ಗಳ ನೀರೇ ಕಾಡುವುದು. ನನ್ನ ತಕರಾರು ದುಡ್ಡಿನದು. ಸೀಸನ್ನಿನಲ್ಲಿ ಗ್ರೀನ್ ಫೀ 400 ಡಾಲರ್ ದಾಟುತ್ತದೆ, ನವೆಂಬರಿನಲ್ಲೂ ಅಗ್ಗವಲ್ಲ. ನಮ್ಮ ಬಜೆಟ್ಟಿನ ಹತ್ತಿರ ಹತ್ತಿರ ಅರ್ಧ ಒಂದೇ ರೌಂಡಿಗೆ. ಅಷ್ಟು ಕೊಡುವುದು ಯಾವುದಕ್ಕೆ? 16ನೇ ಹೋಲ್‌ಗೆ. ಸುತ್ತಲೂ ಗ್ಯಾಲರಿ, ಸಾವಿರಾರು ಜನ ಕೂಗಾಡುವ ಆ ಪಾರ್ 3. ಆದರೆ ಆ ಗ್ಯಾಲರಿ ತಾತ್ಕಾಲಿಕ. ಪಂದ್ಯ ಫೆಬ್ರವರಿ ಮೊದಲ ಭಾಗದಲ್ಲಿ, ನವೆಂಬರಿನಲ್ಲಿ ಅದನ್ನು ಇನ್ನೂ ಕಟ್ಟುತ್ತಿರುತ್ತಾರೆ. ಅರ್ಧ ನಿಂತ ಕಬ್ಬಿಣದ ಕಂಬಗಳ ನಡುವೆ 160 ಗಜದ ಆಸುಪಾಸಿನ ಒಂದು ಪಾರ್ 3. ಗೆಳೆಯ ಮುಖ ಸಪ್ಪೆ ಮಾಡಿದ. ಆ ಕೋರ್ಸನ್ನು ಮಾಡಿದ ಟಾಮ್ ವೈಸ್ಕಾಫ್ ಮತ್ತು ಜೇ ಮಾರಿಷ್ ಅವರೇ ಟ್ರೂನ್ ನಾರ್ತ್‌ನ ಮಾನ್ಯುಮೆಂಟನ್ನೂ ಮಾಡಿದ್ದು, ಅದು ಪಟ್ಟಿಯಲ್ಲಿ ಉಳಿಯುತ್ತದೆ ಅಂದ ಮೇಲೆ ಸುಮ್ಮನಾದ. ಪೂರ್ತಿ ಅಲ್ಲ.

ಕ್ವಿಂಟೆರೊ ಬಿಟ್ಟದ್ದು ದೂರಕ್ಕೆ ಮತ್ತು ಏರಿಳಿತಕ್ಕೆ. ನಾವು ಉಳಿಯುವ ಸ್ಕಾಟ್ಸ್‌ಡೇಲ್‌ನಿಂದ ಅದು ವಾಯವ್ಯಕ್ಕೆ ಗಂಟೆಯ ದಾರಿ. ಚೋಯಾ ಬದಲು ಅದೇ ವಿಕೋಪಾದ ಇನ್ನೊಂದು ಕೋರ್ಸ್ ಸಗ್ವಾರೊ ತಗೊಂಡೆವು. ಕೊನೆಗೆ ನಿಂತ ಕ್ರಮ ಇದು: ಇಳಿದ ದಿನ ಪಾಪಾಗೊ, ಮರುದಿನ ಟಾಕಿಂಗ್ ಸ್ಟಿಕ್‌ನ ಓಡಮ್ ಕೋರ್ಸ್, ಮೂರನೇ ದಿನ ಮಾನ್ಯುಮೆಂಟ್, ಹೊರಡುವ ದಿನ ಬೆಳಗ್ಗೆ ಸಗ್ವಾರೊ.

ಪಾಪಾಗೊ ಫೀನಿಕ್ಸ್ ನಗರದ್ದೇ ಕೋರ್ಸ್. ವಿಮಾನ ನಿಲ್ದಾಣದಿಂದ ಕಾರಿನಲ್ಲಿ ಹತ್ತು ಹದಿನೈದು ನಿಮಿಷ. 1963ರಲ್ಲಿ ಶುರುವಾದದ್ದು, ಅಂದರೆ 90 ಎಕರೆ ನಿಯಮಕ್ಕಿಂತ ಹಳೆಯದು. ಟೀಯಿಂದ ಗ್ರೀನ್‌ವರೆಗೆ ಹುಲ್ಲು, ಪಕ್ಕದಲ್ಲಿ ಮರಗಳು, ಹಿಂದೆ ಕೆಂಪು ಬಂಡೆಗುಡ್ಡಗಳು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಗಾಲ್ಫ್ ತಂಡಗಳ ನೆಲೆಯೂ ಅದೇ. ಸ್ಥಳೀಯರಿಗೆ ಕಮ್ಮಿ ದರ, ನಮಗೆ ಜಾಸ್ತಿ, ಆದರೂ ರೆಸಾರ್ಟ್ ಕೋರ್ಸುಗಳ ಹತ್ತಿರಕ್ಕೆ ಬರುವುದಿಲ್ಲ. ವಿಮಾನದಲ್ಲಿ ಕೂತು ಮರಗಟ್ಟಿದ ಬೆನ್ನಿಗೆ ಇದು ಸರಿಯಾದ ಜಾಗ. ಇಳಿದ ಕೂಡಲೇ ಮುಳ್ಳಿನ ಮೇಲೆ ಹಾರಿಸುವ ಕೋರ್ಸಿಗೆ ಹೋಗಬೇಡಿ, ಎರಡನೇ ದಿನಕ್ಕೆ ಚೆಂಡೇ ಉಳಿಯುವುದಿಲ್ಲ.

ಟಾಕಿಂಗ್ ಸ್ಟಿಕ್ ಇರುವುದು ಸಾಲ್ಟ್ ರಿವರ್ ಪೀಮಾ ಮತ್ತು ಮರಿಕೋಪಾ ಬುಡಕಟ್ಟು ಸಮುದಾಯದ ನೆಲದಲ್ಲಿ. ವಿಕೋಪಾ ಫೋರ್ಟ್ ಮೆಕ್‌ಡೊವೆಲ್ ಯಾವಪೈ ಸಮುದಾಯದ್ದು. ಆ ನೆಲವನ್ನು ಬಂಗಲೆ ಕಟ್ಟುವವರಿಗೆ ಸೈಟು ಮಾಡಿ ಮಾರುವ ಹಾಗಿಲ್ಲ. ಹಾಗಾಗಿ ಫೇರ್‌ವೇ ಪಕ್ಕದಲ್ಲಿ ಮನೆಗಳೇ ಇಲ್ಲ, ಭಾವ ಯಾರ ಈಜುಕೊಳಕ್ಕೂ ಚೆಂಡು ಹಾಕುವ ಭಯವಿಲ್ಲ. ಓಡಮ್ ಮತ್ತು ಸಗ್ವಾರೊ ಎರಡನ್ನೂ ಮಾಡಿದ್ದು ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ. ಇವರ ಫೇರ್‌ವೇಗಳು ಅಗಲ. ಕಷ್ಟ ಇರುವುದು ಗ್ರೀನಿನ ಸುತ್ತ. ಎರಡೂ ಕಡೆ ಬೇಕಾದರೆ ನಡೆದೇ ಆಡಬಹುದು, ಮರುಭೂಮಿಯಲ್ಲಿ ಇದು ಅಪರೂಪ.

ಮೈದಾನದಲ್ಲಿ ಆದದ್ದು

ಟಾಕಿಂಗ್ ಸ್ಟಿಕ್‌ನಲ್ಲಿ ಮೊದಲ ಟೀಗೆ ನಿಂತಾಗ ಗೆಳೆಯನ ಮುಖದಲ್ಲಿ ಉತ್ಸಾಹ ಕಾಣಲಿಲ್ಲ. ಸಪಾಟು ನೆಲ, ದೊಡ್ಡ ಬಯಲು, ಎಲ್ಲಿ ಹೊಡೆದರೂ ಹುಲ್ಲು. "ಇದಕ್ಕಾ ಇಷ್ಟು ದೂರ ಬಂದದ್ದು?" ಅಂದ.

ಎರಡನೇ ಹೋಲ್ ಪಾರ್ 5. ಎಡಗಡೆ ಉದ್ದಕ್ಕೂ ಬೇಲಿ, ಅದರಾಚೆ ಔಟ್ ಆಫ್ ಬೌಂಡ್ಸ್, ಅಂದರೆ ಆಟದ ಗಡಿಯ ಹೊರಗೆ. ಬಲಕ್ಕೆ ಬೇಕಾದಷ್ಟು ಜಾಗ. ಯಾರಿದ್ದರೂ ಬಲಕ್ಕೇ ಹೊಡೆಯುತ್ತಾರೆ, ಅವನೂ ಹೊಡೆದ. ಎರಡನೇ ಹೊಡೆತವೂ ಬಲಕ್ಕೆ. ಗ್ರೀನ್ ಹತ್ತಿರ ಬಂದಾಗ ಗೊತ್ತಾಯಿತು, ಆ ಕಡೆಯಿಂದ ಗ್ರೀನಿಗೆ ದಾರಿ ಇಕ್ಕಟ್ಟು. ಬೇಲಿಗೆ ಅಂಟಿಕೊಂಡು ಬಂದವನಿಗೆ ಮಾತ್ರ ಬಾಗಿಲು ತೆರೆದಿರುತ್ತದೆ. ಅವನು ಬೋಗಿ ಮಾಡಿಕೊಂಡ, ಅಂದರೆ ಐದರ ಬದಲು ಆರು ಹೊಡೆತ. ಮಾವನವರು ಸಣ್ಣಸಣ್ಣ ಹೊಡೆತಗಳಲ್ಲಿ, ಬೇಲಿಗೆ ಇಪ್ಪತ್ತು ಗಜ ದೂರದಲ್ಲಿ, ತಮ್ಮ ಪಾಡಿಗೆ ತಾವು ಬಂದು ಅದೇ ಆರರಲ್ಲಿ ಮುಗಿಸಿದರು. ಅಲ್ಲಿಂದ ಮುಂದೆ ಗೆಳೆಯ ಟೀಯಲ್ಲಿ ನಿಂತು ಗ್ರೀನಿನಲ್ಲಿ ಬಾವುಟ ಯಾವ ಕಡೆ ಇದೆ ಅಂತ ನೋಡಿಯೇ ಹೊಡೆಯತೊಡಗಿದ. ಆ ದಿನ ಮಾವನವರು ಒಂದು ಚೆಂಡನ್ನೂ ಕಳೆಯಲಿಲ್ಲ. ಸಂಜೆ ಊಟಕ್ಕೆ ಕೂತಾಗ ಅದನ್ನು ಎಲ್ಲರಿಗೂ ಒಂದೆರಡು ಸಲ ಹೇಳಿದರು.

ಮಾನ್ಯುಮೆಂಟ್ ಬೇರೆಯೇ ಲೋಕ. ಉತ್ತರ ಸ್ಕಾಟ್ಸ್‌ಡೇಲ್‌ನ ಎತ್ತರದ ನೆಲ, ದೊಡ್ಡ ದೊಡ್ಡ ಬಂಡೆಗಳು, ಆಳೆತ್ತರ ಮೀರಿದ ಸಗ್ವಾರೊ ಕಳ್ಳಿಗಳು. ಮೂರನೇ ಹೋಲ್‌ನ ಫೇರ್‌ವೇ ನಡುವೆಯೇ ಒಂದು ಹೆಬ್ಬಂಡೆ ಕೂತಿದೆ, ಕೋರ್ಸಿಗೆ ಹೆಸರು ಬಂದದ್ದೇ ಅದರಿಂದ. ಇಲ್ಲಿ ಹಾರಿಸಲೇಬೇಕಾದ ಜಾಗಗಳಿವೆ ಅಂತ ಮೊದಲೇ ಗೊತ್ತಿತ್ತು, ಅದಕ್ಕೆ ಆಟದ ರೀತಿಯನ್ನೇ ಬದಲಿಸಿದ್ದೆವು. ಇಬ್ಬಿಬ್ಬರ ಜೋಡಿ ಮಾಡಿ ಸ್ಕ್ರ್ಯಾಂಬಲ್ ಆಡಿದೆವು: ಇಬ್ಬರೂ ಹೊಡೆಯುವುದು, ಯಾರ ಚೆಂಡು ಚೆನ್ನಾಗಿ ಬಿದ್ದಿದೆಯೋ ಅಲ್ಲಿಂದ ಇಬ್ಬರೂ ಮುಂದುವರಿಯುವುದು. ಮಾವನವರು ಗೆಳೆಯನ ಜೋಡಿ. ಅವನ ಡ್ರೈವ್, ಇವರ ಪಟ್ (ಗ್ರೀನಿನ ಮೇಲೆ ಚೆಂಡನ್ನು ಕುಳಿಗೆ ಉರುಳಿಸುವುದು). ಮಾವನವರ ಪಟ್ಟಿಂಗ್ ನಮ್ಮೆಲ್ಲರಿಗಿಂತ ಚೆನ್ನಾಗಿದೆ ಅನ್ನುವುದು ಅಲ್ಲಿಯವರೆಗೆ ಸ್ಕೋರಿನಲ್ಲಿ ಮುಚ್ಚಿಹೋಗಿತ್ತು. ನಾನೂ ಭಾವನೂ ಸೋತೆವು.

ಸೋಲಿಗೆ ಭಾವನ ಕೈಯೂ ಕಾರಣ, ಅಕ್ಷರಶಃ. ಬಲಕ್ಕೆ ಹೋದ ಚೆಂಡು ಚೋಯಾ ಕಳ್ಳಿಯ ಬುಡದಲ್ಲಿ ಕಾಣಿಸುತ್ತಿತ್ತು. "ಬಿಡಪ್ಪಾ, ಐದು ಡಾಲರ್ ಚೆಂಡು" ಅಂತ ಮಾವನವರು ಕೂಗಿದರೂ ಕೇಳದೆ ಕೈ ಹಾಕಿದ. ಹಾರುವ ಚೋಯಾ ಅಂತ ಅದನ್ನು ಕರೆಯುವುದು ಸುಮ್ನೆ ಅಲ್ಲ. ಅದೇನೂ ಹಾರುವುದಿಲ್ಲ, ತುಂಡುಗಳು ಸ್ವಲ್ಪ ಸೋಕಿದರೂ ಕಳಚಿ ಅಂಟಿಕೊಳ್ಳುತ್ತವೆ. ಮುಳ್ಳಿನ ತುದಿಯಲ್ಲಿ ಹಿಮ್ಮುಖ ಕೊಕ್ಕೆಗಳಿರುವುದರಿಂದ ಬೆರಳಲ್ಲಿ ಎಳೆದರೆ ಆ ಬೆರಳಿಗೂ ಹತ್ತುತ್ತದೆ. ಬಾಚಣಿಗೆಯನ್ನು ಮುಳ್ಳಿಗೂ ಚರ್ಮಕ್ಕೂ ನಡುವೆ ತೂರಿಸಿ ಒಂದೇ ಸಲ ಎಗರಿಸಬೇಕು. ನಮ್ಮ ಬ್ಯಾಗಿನಲ್ಲಿ ಬಾಚಣಿಗೆ ಇತ್ತು, ಆದರೂ ಮುಂದಿನ ಹೋಲ್‌ಗಳಲ್ಲಿ ಅವನ ಹಿಡಿತ ಸಡಿಲವೇ. ಬೆಚ್ಚಗಿನ ತಿಂಗಳುಗಳಲ್ಲಾದರೆ ಅಂಥ ಪೊದೆಯಲ್ಲಿ ರ‍್ಯಾಟಲ್ ಹಾವೂ ಇರಬಹುದು. ಚೆಂಡು ಅಲ್ಲೇ ಇರಲಿ.

ಸಗ್ವಾರೊವನ್ನು ಕೊನೆಗಿಟ್ಟದ್ದು ಎರಡು ಕಾರಣಕ್ಕೆ. ಕಷ್ಟದ ಕೋರ್ಸ್ ಆದ ಮೇಲೆ ಅಗಲದ ಕೋರ್ಸ್ ಬಂದರೆ ಎಲ್ಲರಿಗೂ ಕೈ ಸಲೀಸಾಗುತ್ತದೆ. ಮತ್ತೆ ಅಲ್ಲಿಂದ 87ನೇ ಹೈವೇ ಹಿಡಿದು ವಿಮಾನ ನಿಲ್ದಾಣಕ್ಕೆ ಹೋಗಲು ತೊಡಕಿಲ್ಲ. ಆ ದಿನ ನಾಲ್ವರಿಗೂ ಪ್ರವಾಸದ ಒಳ್ಳೆಯ ಸ್ಕೋರ್ ಬಂತು. ಕಾರಿನ ಬಗ್ಗೆ ಒಂದು ಮಾತು: ನಾಲ್ಕು ಜನ, ನಾಲ್ಕು ಗಾಲ್ಫ್ ಬ್ಯಾಗು, ನಾಲ್ಕು ಸೂಟ್‌ಕೇಸು ಮಾಮೂಲಿ ಎಸ್‌ಯುವಿಯಲ್ಲಿ ಹಿಡಿಯುವುದಿಲ್ಲ. ಮಿನಿವ್ಯಾನ್ ತಗೊಳ್ಳಿ, ನೋಡೋಕೆ ಹೇಗಾದರೂ ಇರಲಿ.

ಖರ್ಚು ತಲೆಗೆ 900ರ ಒಳಗೇ ಮುಗಿಯಿತು, ಬೆಳಗಿನ ಟೀ ಟೈಮ್‌ಗಳನ್ನು ಕಷ್ಟದ ಕೋರ್ಸಿಗೆ ಇಟ್ಟು ಪಾಪಾಗೊವನ್ನು ಹನ್ನೆರಡಕ್ಕೆ ಸ್ವಲ್ಪ ಮುಂಚೆ ಹಾಕಿದ್ದರಿಂದ. ಒಂದು ದೂರು ಮಾತ್ರ ಉಳಿದಿದೆ, ಅದು ಗೆಳೆಯನದು. ಸ್ಟೇಡಿಯಂ ಕೋರ್ಸ್ ಆಡಲಿಲ್ಲ ಅನ್ನುವುದು. ಅವನ ದೃಷ್ಟಿಯಲ್ಲಿ ಅದು ನ್ಯಾಯವೇ.

ಈಗ ಅವನು ತನ್ನ ಆಫೀಸಿನವರ ಜೊತೆ ಜನವರಿಯಲ್ಲಿ ಹೋಗುತ್ತಿದ್ದಾನೆ. ಎಲ್ಲರೂ ಹ್ಯಾಂಡಿಕ್ಯಾಪ್ ಹತ್ತರೊಳಗಿನವರು, ಕಮ್ಮಿ ದೂರ ಹೊಡೆಯುವವನೇ 240 ಗಜ. ಅದೇ ಜರಡಿ ಹಿಡಿದರೆ ಪಟ್ಟಿ ತಲೆಕೆಳಗಾಗುತ್ತದೆ. ಸ್ಟೇಡಿಯಂ ಮೊದಲು, ಯಾಕೆಂದರೆ ಆ ಹೊತ್ತಿಗೆ 16ರ ಗ್ಯಾಲರಿ ಎದ್ದಿರುತ್ತದೆ. ಆಮೇಲೆ ಚೋಯಾ, ಕ್ವಿಂಟೆರೊ, ಮತ್ತು 2021ರಿಂದ 2023ರವರೆಗೆ ಕಾಲೇಜು ಚಾಂಪಿಯನ್‌ಶಿಪ್ ನಡೆದ ಗ್ರೇಹಾಕ್‌ನ ರ‍್ಯಾಪ್ಟರ್. ಫೀನಿಕ್ಸ್ ಓಪನ್ ಪಂದ್ಯಕ್ಕೆ ಮುಂಚೆ ಸ್ಟೇಡಿಯಂ ಕೋರ್ಸನ್ನು ಸಾರ್ವಜನಿಕರಿಗೆ ಯಾವ ದಿನದಿಂದ ಮುಚ್ಚುತ್ತಾರೆ ಅಂತ ಕೇಳಿ, ಆಮೇಲೆ ವಿಮಾನದ ಟಿಕೆಟ್ ತಗೋ ಅಂದಿದ್ದೇನೆ. ಬೆಳಗ್ಗೆ ಏಳೂವರೆಯ ಟೀ ಟೈಮ್ ಬೇಡ ಅಂತಲೂ ಹೇಳಿದ್ದೇನೆ. ಜನವರಿಯಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿದರೆ ಅದು ಕರಗುವವರೆಗೆ ಯಾರನ್ನೂ ಬಿಡುವುದಿಲ್ಲ.